ಬಾಗಿಲು ಹಾಕಿಕೊಂಡು ಆಡಿದ ಆಟ

1896ರ ಏಪ್ರಿಲ್ 4. ಸ್ಯಾನ್ ಫ್ರಾನ್ಸಿಸ್ಕೋದ ಒಂದು ದೊಡ್ಡ ಹಾಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಹುಡುಗಿಯರೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹುಡುಗಿಯರೂ ಬ್ಯಾಸ್ಕೆಟ್‌ಬಾಲ್ ಆಡಿದರು. ಅಮೆರಿಕದಲ್ಲಿ ಎರಡು ಕಾಲೇಜುಗಳ ಹುಡುಗಿಯರು ಈ ಆಟದಲ್ಲಿ ಎದುರುಬದುರಾಗಿದ್ದು ಅದೇ ಮೊದಲು. ನೋಡಲು ನೂರಾರು ಜನ ಸೇರಿದ್ದರು, ಎಲ್ಲರೂ ಹೆಂಗಸರೇ. ಗಂಡಸರನ್ನು ಒಳಗೆ ಬಿಡಲಿಲ್ಲ. ಸ್ಟ್ಯಾನ್‌ಫರ್ಡ್ 2-1ರಿಂದ ಗೆದ್ದಿತು. ಮೂರು ವರ್ಷ ಕಳೆದು 1899ರಲ್ಲಿ ಅದೇ ಸ್ಟ್ಯಾನ್‌ಫರ್ಡ್, ಹುಡುಗಿಯರು ಬೇರೆ ಕಾಲೇಜುಗಳ ಜೊತೆ ಪಂದ್ಯ ಆಡುವಂತಿಲ್ಲ ಎಂದುಬಿಟ್ಟಿತು.

ಗೆದ್ದವರನ್ನೇ ಯಾಕೆ ತಡೆದರು? ಇದು ತಿಳಿಯಬೇಕಾದರೆ ಇನ್ನೂ ಸ್ವಲ್ಪ ಹಿಂದೆ ಹೋಗಬೇಕು.

ನ್ಯೂಯಾರ್ಕ್ ರಾಜ್ಯದ ವ್ಯಾಸರ್ ಕಾಲೇಜು ಶುರುವಾಗಿದ್ದು 1865ರಲ್ಲಿ. ಮರುವರ್ಷವೇ ಅಲ್ಲಿನ ಹುಡುಗಿಯರು ಬೇಸ್‌ಬಾಲ್ ಕ್ಲಬ್ ಕಟ್ಟಿಕೊಂಡಿದ್ದರು. ನೆಲ ಮುಟ್ಟುವ ಸ್ಕರ್ಟ್ ತೊಟ್ಟೇ ಓಡುತ್ತಿದ್ದರು. ಆದರೆ 1873ರಲ್ಲಿ ಹಾರ್ವರ್ಡ್‌ನಲ್ಲಿ ಪಾಠ ಮಾಡಿದ್ದ ಎಡ್ವರ್ಡ್ ಕ್ಲಾರ್ಕ್ ಎಂಬ ಡಾಕ್ಟರ್ ಒಂದು ಪುಸ್ತಕ ಬರೆದರು. ಹುಡುಗರಷ್ಟೇ ಓದಿದರೆ ಹುಡುಗಿಯರ ಮೈ ಸೊರಗುತ್ತದೆ, ಮಕ್ಕಳಾಗುವುದಕ್ಕೂ ತೊಂದರೆಯಾಗುತ್ತದೆ ಎಂಬುದು ಅವರ ವಾದ. ಹೆಣ್ಣುಮಕ್ಕಳನ್ನು ಓದಿಸಲು ಹಿಂದೆಮುಂದೆ ನೋಡುತ್ತಿದ್ದ ಮನೆಗಳಿಗೆ ಇಷ್ಟು ಸಾಕಾಗಿತ್ತು. 1885ರಲ್ಲಿ ಕಾಲೇಜು ಮುಗಿಸಿದ ಹೆಂಗಸರ ಸಂಘವೇ 705 ಪದವೀಧರೆಯರ ಆರೋಗ್ಯ ವಿಚಾರಿಸಿ, ಓದಿನಿಂದ ಅವರಿಗೇನೂ ಆಗಿಲ್ಲ ಎಂದು ತೋರಿಸಬೇಕಾಯಿತು.

ಕಾಲೇಜುಗಳು ಜಿಮ್ ಕಟ್ಟಿಸಿ, ಕಸರತ್ತು ಕಡ್ಡಾಯ ಮಾಡಿದ್ದರ ಹಿಂದೆ ಈ ಹೆದರಿಕೆಯೂ ಇತ್ತು. ಅಂದರೆ ಆಟ ಅಲ್ಲಿಗೆ ಖುಷಿಗಾಗಿ ಬರಲಿಲ್ಲ, ಔಷಧಿಯಾಗಿ ಬಂತು. ಔಷಧಿ ಅಂದಮೇಲೆ ಇಷ್ಟೇ ಕೊಡಬೇಕು ಅನ್ನುವ ಅಳತೆ ಇರುತ್ತದೆ, ಅಲ್ವಾ? ಆ ಅಳತೆ ಮುಂದೆ ನೂರು ವರ್ಷ ಹುಡುಗಿಯರ ಬೆನ್ನು ಬಿಡಲಿಲ್ಲ.

ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅವರನ್ನೇ ನೋಡಿ. ಸ್ವತಃ ಆರೋಗ್ಯ ಸರಿಯಿಲ್ಲದೆ ಕಸರತ್ತಿನ ಶಾಲೆ ಸೇರಿದವರು, 1892ರಲ್ಲಿ ಸ್ಮಿತ್‌ಗೆ ಟೀಚರಾಗಿ ಬಂದರು. ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಕೆಲವೇ ವಾರಗಳ ಹಿಂದೆ ಬ್ಯಾಸ್ಕೆಟ್‌ಬಾಲ್ ಶುರುಮಾಡಿದ್ದರು. ಬೆರೆನ್ಸನ್ ಆ ಆಟವನ್ನು ತಂದು, 1893ರ ಮಾರ್ಚ್‌ನಲ್ಲಿ ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಪಂದ್ಯ ಇಟ್ಟರು. ಆದರೆ ಅಂಕಣವನ್ನು ಮೂರು ಭಾಗ ಮಾಡಿದರು. ಒಂದು ಭಾಗದವಳು ಇನ್ನೊಂದಕ್ಕೆ ಕಾಲಿಡುವಂತಿಲ್ಲ. ಕೈಯಲ್ಲಿದ್ದ ಚೆಂಡು ಕಸಿಯುವಂತಿಲ್ಲ. ಮೂರು ಸಲಕ್ಕಿಂತ ಜಾಸ್ತಿ ಪುಟಿಸುವಂತಿಲ್ಲ. ಕಟ್ಟುಪಾಡು ಅನ್ನಿಸುತ್ತದೆ, ನಿಜ. ಆದರೆ ಆ ನಿಯಮಗಳಿಲ್ಲದಿದ್ದರೆ ಆಟವನ್ನು ಆಗಲೇ ನಿಲ್ಲಿಸಿಬಿಡುತ್ತಿದ್ದರು ಅಂತ ನನಗನ್ನಿಸುತ್ತದೆ. ಅದರಿಂದ ಬಂದ ಇನ್ನೊಂದು ರೂಪ, ಆರು ಜನರ ತಂಡ ಅರ್ಧರ್ಧ ಅಂಕಣದಲ್ಲೇ ಆಡುವುದು, ಅಯೋವಾದ ಹೈಸ್ಕೂಲುಗಳಲ್ಲಿ 1993ರವರೆಗೂ ಉಳಿದಿತ್ತು.

ಇನ್ನೊಬ್ಬರು ಕ್ಲಾರಾ ಬೇರ್. ನ್ಯೂ ಆರ್ಲಿಯನ್ಸ್‌ನ ನ್ಯೂಕಾಂಬ್ ಮಹಿಳಾ ಕಾಲೇಜಿನವರು. 1895ರಲ್ಲಿ ಅವರು ಒಂದು ಹೊಸ ಆಟವನ್ನೇ ಕಟ್ಟಿದರು. ನಡುವೆ ಅಡ್ಡಗೆರೆ, ಎರಡು ಕಡೆ ತಂಡ. ಚೆಂಡು ಹಿಡಿಯಬೇಕು, ಎದುರಿನವರ ನೆಲಕ್ಕೆ ಬೀಳುವಂತೆ ಎಸೆಯಬೇಕು. ಮೈಗೆ ಮೈ ತಾಗುವುದೇ ಇಲ್ಲ. ಓದುವಾಗ ನಿಮಗೆ ಥ್ರೋಬಾಲ್ ನೆನಪಾಗಿರಬೇಕು. ನಮ್ಮ ಥ್ರೋಬಾಲ್ ಬಂದಿದ್ದು ಮದ್ರಾಸಿನ ವೈಎಂಸಿಎ ಮೂಲಕ, ಆದರೆ ಎರಡೂ ಆಟ ಅಕ್ಕತಂಗಿಯರ ಹಾಗಿವೆ.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರ ಅಥ್ಲೆಟಿಕ್ ಸಂಘಗಳು ಹಬ್ಬಿದವು. ನಡೆಸುವವರು ಹುಡುಗಿಯರೇ, ಜೊತೆಗೊಬ್ಬರು ಪಿ.ಟಿ. ಟೀಚರ್. ಅಧ್ಯಕ್ಷೆಯನ್ನು ಆರಿಸುವುದು, ಚಂದಾ ಎತ್ತುವುದು, ಪಂದ್ಯ ಗೊತ್ತುಮಾಡುವುದು, ಎಲ್ಲ ಅವರದೇ. ಹಾಕಿ, ಈಜು, ಬಿಲ್ಲುಗಾರಿಕೆ, ಬೆಟ್ಟ ಹತ್ತುವುದು, ಎಲ್ಲಕ್ಕೂ ಪಾಯಿಂಟ್. ಸಾಕಷ್ಟು ಪಾಯಿಂಟ್ ಸೇರಿದರೆ ಕಾಲೇಜಿನ ಅಕ್ಷರ ಹೊಲಿದ ಸ್ವೆಟರ್. ಅಮೆರಿಕದ ಹೆಂಗಸರಿಗೆ ಸಂವಿಧಾನದ ಮೂಲಕ ಮತದ ಹಕ್ಕು ಸಿಕ್ಕಿದ್ದೇ 1920ರಲ್ಲಿ. ಅದಕ್ಕೂ ಮೊದಲೇ ಈ ಹುಡುಗಿಯರು ಓಟು ಹಾಕಿ ಪದಾಧಿಕಾರಿಗಳನ್ನು ಆರಿಸುತ್ತಿದ್ದರು. ಈ ಮಾತು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಆದರೆ ಸಂಘಗಳ ಒಳಗೇ ಒಂದು ಬೇಲಿಯೂ ಬೆಳೆಯಿತು. ಗಂಡುಹುಡುಗರ ಫುಟ್‌ಬಾಲ್‌ನಲ್ಲಿ ದುಡ್ಡು, ಜೂಜು, ಸಾವುನೋವು ನೋಡಿ ಪಿ.ಟಿ. ಟೀಚರುಗಳು ಹೆದರಿದ್ದರು. 1923ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಅವರ ಹೆಂಡತಿ ಲೂ ಹೆನ್ರಿ ಹೂವರ್ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಹವ್ಯಾಸಿ ಅಥ್ಲೆಟಿಕ್ ಒಕ್ಕೂಟದಲ್ಲಿ ಒಂದು ಮಹಿಳಾ ವಿಭಾಗವೇ ಹುಟ್ಟಿಕೊಂಡಿತು. ಪ್ರತಿ ಹುಡುಗಿಯೂ ಆಡಲಿ, ಆದರೆ ಗೆಲುವಿನ ಹಿಂದೆ ಬೀಳುವುದು ಬೇಡ ಅನ್ನುವುದು ಅವರ ನಿಲುವು. ಹಾಗಾಗಿ ‘ಪ್ಲೇ ಡೇ’ ಬಂತು. ಮೂರ್ನಾಲ್ಕು ಕಾಲೇಜಿನ ಹುಡುಗಿಯರು ಸೇರುತ್ತಾರೆ, ಅವರನ್ನು ಬೆರೆಸಿ ತಂಡ ಮಾಡುತ್ತಾರೆ. ಯಾವ ಕಾಲೇಜು ಗೆದ್ದಿತು ಎಂಬ ಮಾತೇ ಬರುವುದಿಲ್ಲ. ಕೆಲವು ಪಂದ್ಯಗಳನ್ನು ಟೆಲಿಗ್ರಾಂನಲ್ಲೇ ಮುಗಿಸುತ್ತಿದ್ದರು. ಅವರವರ ಕೊಳದಲ್ಲಿ ಈಜಿ, ಎಷ್ಟು ಸೆಕೆಂಡ್ ಆಯಿತು ಎಂದು ತಂತಿ ಕಳಿಸುವುದು. ಪಕ್ಕದ ಸಾಲಿನಲ್ಲಿ ಈಜುವವಳ ಉಸಿರು ಕೇಳದ ಮೇಲೆ ಪಂದ್ಯದ ರುಚಿ ಎಲ್ಲಿಂದ ಬರಬೇಕು?

ಬೇಲಿ ಒಪ್ಪದ ಕಾಲೇಜುಗಳೂ ಇದ್ದವು. ಅಲಬಾಮಾದಲ್ಲಿ ಕಪ್ಪು ಜನಾಂಗದವರಿಗಾಗಿ ಇದ್ದ ಟಸ್ಕೀಗಿ ಸಂಸ್ಥೆ 1929ರಲ್ಲೇ ಹುಡುಗಿಯರ ಓಟದ ತಂಡ ಕಟ್ಟಿತು. 1937ರಿಂದ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆಲ್ಲುತ್ತ ಬಂತು. ಅಲ್ಲಿ ಕಲಿತ ಆಲಿಸ್ ಕೋಚ್‌ಮನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದರು. ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ ಅವರು.

1971ರಲ್ಲಿ ಮಹಿಳಾ ಟೀಚರುಗಳೇ ಕಾಲೇಜು ಹುಡುಗಿಯರ ಪಂದ್ಯಗಳಿಗಾಗಿ ಎಐಎಡಬ್ಲ್ಯೂ ಎಂಬ ರಾಷ್ಟ್ರೀಯ ಸಂಸ್ಥೆ ಕಟ್ಟಿದರು. ಮರುವರ್ಷ ‘ಟೈಟಲ್ ನೈನ್’ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಕಾಲೇಜು ಹೆಣ್ಣುಗಂಡೆಂಬ ಭೇದ ಮಾಡುವಂತಿಲ್ಲ. ಆದರೆ ಕಾನೂನು ಬಂದ ಕೂಡಲೇ ಸ್ನಾನದ ಮನೆ ಬರಲಿಲ್ಲ. ಯೇಲ್ ವಿಶ್ವವಿದ್ಯಾಲಯದ ದೋಣಿ ತಂಡದ ಹುಡುಗಿಯರು ಚಳಿಯಲ್ಲಿ ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ಕೂತು, ಹುಡುಗರ ಸ್ನಾನ ಮುಗಿಯಲೆಂದು ಕಾಯಬೇಕಿತ್ತು. 1976ರ ಮಾರ್ಚ್ 3ರಂದು 19 ಹುಡುಗಿಯರು ಕ್ರೀಡಾ ಕಚೇರಿಗೆ ಹೋಗಿ ಅಂಗಿ ಕಳಚಿ ನಿಂತರು. ಬೆನ್ನ ಮೇಲೆ ‘ಟೈಟಲ್ ನೈನ್’ ಎಂದು ಬರೆದುಕೊಂಡಿದ್ದರು. ಅವರ ನಾಯಕಿ ಕ್ರಿಸ್ ಅರ್ನ್‌ಸ್ಟ್ ದೂರನ್ನು ಓದಿದರು.

ಆಮೇಲೆ ದುಡ್ಡು ಬಂತು, ಮೈದಾನ ಬಂತು, ವಿದ್ಯಾರ್ಥಿವೇತನವೂ ಬಂತು. ಆದರೆ ಹುಡುಗಿಯರ ವಿಭಾಗಗಳನ್ನು ಗಂಡಸರ ವಿಭಾಗಗಳ ಜೊತೆ ಸೇರಿಸಿದಾಗ ಮೇಲಿನ ಕುರ್ಚಿ ಹೆಚ್ಚಾಗಿ ಗಂಡಸರಿಗೇ ಹೋಯಿತು. ಎಐಎಡಬ್ಲ್ಯೂ ಕೂಡ ಹತ್ತು-ಹನ್ನೊಂದು ವರ್ಷಕ್ಕೇ ಮುಚ್ಚಿತು. 1972ರಲ್ಲಿ ಹುಡುಗಿಯರ ಕಾಲೇಜು ತಂಡಗಳಿಗೆ 100ಕ್ಕೆ 90ರಷ್ಟು ಕೋಚ್‌ಗಳು ಹೆಂಗಸರೇ ಆಗಿದ್ದರು. ಈಗ ಅರ್ಧದಷ್ಟೂ ಇಲ್ಲ.