ಮಳೆಗೆ ಮೊದಲೇ ಮದ್ದು: ಕೋಲ್ಮನ್ ಮತ್ತು ಕೊಡಗಿನ ಕೊಳೆರೋಗ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿಯಿತೆಂದರೆ ಕೊಡಗಿನ ತೋಟಗಳಲ್ಲಿ ಎರಡು ಕೊಳೆರೋಗಗಳು ಒಟ್ಟೊಟ್ಟಿಗೆ ತಲೆಯೆತ್ತುತ್ತವೆ. ಸಂಪಾಜೆ ಕಡೆಯ ಅಡಿಕೆ ತೋಟದಲ್ಲಿ ಎಳೆಗಾಯಿಯ ತೊಟ್ಟಿನ ಬಳಿ ನೀರು ತುಂಬಿದಂಥ ಕಲೆ ಮೂಡಿ, ಬಿಳಿ ಬೂಷ್ಟು ಹಿಡಿದು, ಕಾಯಿ ಉದುರಿ ಬುಡದಲ್ಲಿ ರಾಶಿ ಬೀಳುತ್ತದೆ. ಘಟ್ಟ ಹತ್ತಿ ಬಂದರೆ ಕಾಫಿ ಗಿಡದ ಎಲೆಗಳು ಕಪ್ಪಾಗಿ ಕೊಳೆತು, ಕೊಂಬೆಯಿಂದ ಕಳಚಿದರೂ ನೆಲಕ್ಕೆ ಬೀಳದೆ, ಸಣ್ಣ ಎಳೆಗಳಿಗೆ ಅಂಟಿಕೊಂಡು ನೇತಾಡುತ್ತವೆ. ಜನ ಎರಡನ್ನೂ ಕರೆಯುವುದು ಕೊಳೆರೋಗವೆಂದೇ. ಆದರೆ ಇವುಗಳನ್ನು ತರುವ ಜೀವಿಗಳಿಗೆ ಪರಸ್ಪರ ಯಾವ ನಂಟೂ ಇಲ್ಲ.

ಕಾಫಿಯದು ನಿಜವಾದ ಶಿಲೀಂಧ್ರ. 1876ರಲ್ಲಿ ಬ್ರಿಟನ್ನಿನ ಶಿಲೀಂಧ್ರತಜ್ಞ ಎಂ. ಸಿ. ಕುಕ್ ಅದಕ್ಕೆ ವೈಜ್ಞಾನಿಕ ಹೆಸರಿಡುವಾಗ ನಮ್ಮ ಕೊಳೆರೋಗ ಎಂಬ ಪದವನ್ನೇ ಲ್ಯಾಟಿನ್ನಿಗೆ ಸೇರಿಸಿಕೊಂಡ. ಅಡಿಕೆಯದು ಫೈಟಾಫ್ಥೊರಾ. ನೋಡಲು ಬೂಷ್ಟೇ, ಆದರೆ ವಂಶದಲ್ಲಿ ಅದು ಅಣಬೆಗಳಿಗಿಂತ ಸಮುದ್ರದ ಕಂದು ಪಾಚಿಗೆ ಹತ್ತಿರ. ಬೀಜದಂತೆ ಅದನ್ನು ಹರಡುವ ಸೂಕ್ಷ್ಮ ಬೀಜಕಗಳಿಗೆ ಬಾಲದಂಥ ಎಳೆಗಳಿದ್ದು, ಕಾಯಿಯ ಮೇಲೆ ನಿಂತ ತೆಳುವಾದ ನೀರಿನ ಪದರದಲ್ಲೇ ಅವು ಈಜುತ್ತವೆ. ಬಿಸಿಲು ಬಿದ್ದು ಕಾಯಿ ಒಣಗಿದರೆ ಈಜಲು ನೀರಿಲ್ಲ, ರೋಗವೂ ಹರಡದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಆ ಬಿಸಿಲನ್ನು ಎಲ್ಲಿಂದ ತರುವುದು?

ಈ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಕೈಗೆತ್ತಿಕೊಂಡವರು ಲೆಸ್ಲಿ ಕೋಲ್ಮನ್. 1878ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿ, ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಅವರ ಹುದ್ದೆ ಕೀಟತಜ್ಞ ಮತ್ತು ಶಿಲೀಂಧ್ರತಜ್ಞ, ಎರಡೂ ಒಬ್ಬರಿಗೇ. ಸಂಸ್ಥಾನದಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ಇದರಿಂದಲೇ ಊಹಿಸಬಹುದು. ಜೋಳ ತಿನ್ನುವ ರೆಕ್ಕೆಯಿಲ್ಲದ ಒಂದು ಮಿಡತೆಯ ಬೆನ್ನು ಹತ್ತಿದರು. ಆ ಮಿಡತೆಯ ಕುಲಕ್ಕೆ ಇಂದಿಗೂ ಕೋಲ್ಮೇನಿಯಾ ಎಂಬ ಹೆಸರಿದೆ. ಆದರೆ ಮಲೆನಾಡಿನವರು ಅವರನ್ನು ನೆನೆಯುವುದು ಮಿಡತೆಗಾಗಿ ಅಲ್ಲ.

ಅಡಿಕೆ ಬೆಳೆಗಾರರು ಆಗಲೇ ಒಂದು ಉಪಾಯ ಕಂಡುಕೊಂಡಿದ್ದರು. ಮಳೆಗೆ ಮೊದಲು ಮರ ಹತ್ತಿ, ಕರಡದ ಹುಲ್ಲಿನಿಂದ ಹೆಣೆದ ಕೊಟ್ಟೆಯನ್ನು ಗೊನೆಯ ಮೇಲೆ ಕಟ್ಟಿಬಿಡುವುದು. ಕಾಯಿಗೆ ನೀರು ತಾಗದಿದ್ದರೆ ಕೊಳೆ ಬಾರದು ಎಂಬುದು ಸೂಕ್ಷ್ಮದರ್ಶಕ ಕಾಣದವರಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಖರ್ಚಿನಲ್ಲಿ, ಆಳಿನಲ್ಲಿ. 1910ರಲ್ಲಿ ಕೋಲ್ಮನ್ ಪ್ರಕಟಿಸಿದ ವರದಿ ರೋಗಕಾರಕವನ್ನು ಗುರುತಿಸಿತು. ಮದ್ದಾಗಿ ಅವರು ಆರಿಸಿದ್ದು ಹೊಸದೇನನ್ನೂ ಅಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು.

ಇಂದು ಕೊಡಗಿನ ಯಾವ ತೋಟದ ಮೇಸ್ತ್ರಿಗೂ ಇದರ ಲೆಕ್ಕ ಬಾಯಿಪಾಠ: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತ ಒಂದನ್ನೇ ಹೊಡೆದರೆ ಕಾಯಿಯೂ ಎಲೆಯೂ ಸುಟ್ಟುಹೋಗುತ್ತವೆ. ಸುಣ್ಣ ಸೇರಿದಾಗ ತಾಮ್ರವು ನೀರಿನಲ್ಲಿ ಸುಲಭವಾಗಿ ಕರಗದ ತಿಳಿನೀಲಿ ಕಣಗಳಾಗಿ ಮಾರ್ಪಡುತ್ತದೆ. ಈ ಕಣಗಳು ಕಾಯಿಯ ಮೇಲೆ ಪದರವಾಗಿ ಕುಳಿತು, ಮಳೆನೀರಿಗೆ ತಾಮ್ರವನ್ನು ತುಸು ತುಸುವಾಗಿ ಬಿಡುತ್ತವೆ. ಈಜಿಕೊಂಡು ಬಂದ ಬೀಜಕ ಆ ತಾಮ್ರವನ್ನು ಹೀರಿಕೊಂಡಾಗ ಅದರ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ದ್ರಾವಣಕ್ಕೆ ಹೊಳೆಯುವ ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡುವುದು ಹಳೆಯ ಪರೀಕ್ಷೆ. ಅಲಗಿನ ಮೇಲೆ ಕೆಂಪು ಛಾಯೆ ಕಂಡರೆ ಬಿಡಿ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಪ್ರಯೋಗಾಲಯವನ್ನೇ ತೋಟದ ಅಂಗಳಕ್ಕೆ ತಂದ ಇಂಥ ಪರೀಕ್ಷೆಗಳು ನನಗೆ ತುಂಬ ಇಷ್ಟ.

ಬೋರ್ಡೋ ತಡೆಯುವ ಮದ್ದು, ಗುಣಪಡಿಸುವ ಮದ್ದಲ್ಲ. ಬೀಜಕ ಒಮ್ಮೆ ಕಾಯಿಯೊಳಗೆ ಇಳಿದ ಮೇಲೆ ಹೊರಗಿನ ತಾಮ್ರ ಅದನ್ನು ಮುಟ್ಟದು. ಹಾಗಾಗಿ ಮಳೆಗೆ ಮೊದಲೇ ಹೊಡೆಯಬೇಕು, ಅಂದರೆ ತೋಟ ಹಸಿರಾಗಿ, ರೋಗದ ಸುಳಿವೂ ಇಲ್ಲದ ದಿನಗಳಲ್ಲಿ. ಕಾಣದ ರೋಗಕ್ಕೆ ದುಡ್ಡು ಸುರಿಯಲು ಬೆಳೆಗಾರನನ್ನು ಒಪ್ಪಿಸುವುದು ಹೇಗೆ? ಇದಕ್ಕೆ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ. ಕೋಲ್ಮನ್ ಅವರ ಬದುಕಿನ ದ್ವಿತೀಯಾರ್ಧ ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಇಲ್ಲಿಯೇ.

1913ರಲ್ಲಿ ಅವರು ಮೈಸೂರಿನ ಮೊದಲ ಕೃಷಿ ನಿರ್ದೇಶಕರಾದರು. ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಒಳ್ಳೆಯ ಸಂಶೋಧಕನನ್ನು ಕಡತಗಳ ಮುಂದೆ ಕೂರಿಸಿದರೆ ಸಂಶೋಧಕನೂ ಹೋದ, ಒಳ್ಳೆಯ ಆಡಳಿತಗಾರನೂ ಸಿಗಲಿಲ್ಲ ಎಂಬ ಮಾತಿದೆ. ಇವರ ವಿಷಯದಲ್ಲಿ ಹಾಗಾಗಲಿಲ್ಲ. ಕೀಟಶಾಸ್ತ್ರಕ್ಕೆ ಕುಂಞಿ ಕಣ್ಣನ್, ಶಿಲೀಂಧ್ರಶಾಸ್ತ್ರಕ್ಕೆ ಎಂ. ಜೆ. ನರಸಿಂಹನ್, ಹೀಗೆ ಇಲ್ಲಿನವರೇ ತಜ್ಞರಾಗಿ ಬೆಳೆದರು. ಫೈಟಾಫ್ಥೊರಾ ಕುರಿತ ನರಸಿಂಹನ್ ಅವರ ಕೆಲಸ ಮುಂದೆ ಹೊರದೇಶಗಳ ವಿಜ್ಞಾನಿಗಳ ಗಮನವನ್ನೂ ಸೆಳೆಯಿತು. ರೈತರನ್ನೂ ಅಧಿಕಾರಿಗಳನ್ನೂ ಒಂದೇ ಕಡೆ ಕೂರಿಸುವ ಕೃಷಿ ಮತ್ತು ಪ್ರಯೋಗ ಸಂಘವೊಂದು 1918ರಲ್ಲಿ ಹುಟ್ಟಿತು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಆರಂಭವಾಗುವಾಗ ಅದಕ್ಕೆ ಬುನಾದಿಯಾಗಿದ್ದುದು ಅದೇ ಹೆಬ್ಬಾಳ.

ಈ ಕಥೆಯಲ್ಲಿ ಕೊಡಗು ಎಲ್ಲಿದೆ? ಗಡಿಯ ಆಚೆ. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ಚೀಫ್ ಕಮಿಷನರ್ ಆಳ್ವಿಕೆಯ ಪ್ರತ್ಯೇಕ ಪ್ರಾಂತ್ಯವಾಗಿತ್ತು. ಇಲ್ಲಿನ ಕಾಫಿಗೆ ಕಷ್ಟ ಹೊಸದೇನಲ್ಲ. 1860ರ ದಶಕದಲ್ಲಿ ಬಿಳಿ ಕಾಂಡಕೊರಕ ತೋಟಗಳನ್ನು ಎಷ್ಟು ಹಾಳುಮಾಡಿತ್ತೆಂದರೆ, ಮದ್ರಾಸು ಸರ್ಕಾರದ ವೈದ್ಯಾಧಿಕಾರಿ ಜಾರ್ಜ್ ಬಿಡಿ ಅದರ ಬಗ್ಗೆ ತನಿಖೆ ನಡೆಸಿ 1869ರಲ್ಲಿ ವರದಿಯನ್ನೇ ಬರೆಯಬೇಕಾಯಿತು. ನೆರಳಿನ ಮರಗಳನ್ನು ಕಡಿದು ಬಯಲು ಮಾಡಿದ ತೋಟಗಳಲ್ಲಿ ಹಾವಳಿ ಹೆಚ್ಚೆಂದು ಅವರು ಕಂಡರು. ಆ ಕೊರಕ ಬಿಸಿಲು ಬಿದ್ದ ಕಾಂಡದಲ್ಲಿ ಮೊಟ್ಟೆಯಿಡಲು ಇಷ್ಟಪಡುತ್ತದೆ. ಕೊಳೆರೋಗಕ್ಕಾದರೋ ದಟ್ಟ ನೆರಳೇ ಹಬ್ಬ. ಮರ ಕಪಾತು ಮಾಡುವ ಬೆಳೆಗಾರ ಪ್ರತಿ ವರ್ಷ ಈ ಎರಡರ ನಡುವೆಯೇ ಕೊಂಬೆ ಎಣಿಸಬೇಕು.

ಇದರ ಜೊತೆಗೆ ಎಲೆ ತುಕ್ಕುರೋಗ. ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರ 1925ರಲ್ಲಿ ಆರಂಭವಾದದ್ದು ಕೋಲ್ಮನ್ ಅವರ ಪ್ರಯತ್ನದಿಂದ. ಅಲ್ಲಿ ಕೆಲಸ ಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿ, ತುಕ್ಕುರೋಗದ ಶಿಲೀಂಧ್ರದಲ್ಲೇ ಬೇರೆ ಬೇರೆ ಪಂಗಡಗಳಿವೆ, ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲಬಹುದು ಎಂದು 1930ರ ದಶಕದ ಆರಂಭದಲ್ಲಿ ತೋರಿಸಿದರು. ತುಕ್ಕು ತಡೆಯುವ ತಳಿಯ ಹುಡುಕಾಟದಲ್ಲಿ, ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಕಾಫಿ ಜಾತಿಗಳು ಸಹಜವಾಗಿ ಬೆರೆತು ಹುಟ್ಟಿದ ಗಿಡವೊಂದರ ಸಂತತಿಯಿಂದ ಎಸ್. 288 ಎಂಬ ತಳಿ ಬಂತು. ಅದನ್ನು ಕೆಂಟ್ಸ್ ತಳಿಯೊಡನೆ ಕೂಡಿಸಿ ಪಡೆದದ್ದು ಎಸ್. 795. ಇದು ಬೆಳೆಗಾರರ ಕೈಸೇರಿದ್ದು 1940ರ ದಶಕದ ನಡುವಿನಲ್ಲಿ. ಕೋಲ್ಮನ್ 1934ರಲ್ಲೇ ನಿವೃತ್ತರಾಗಿ ಹೋಗಿದ್ದರು.

ಬಾಳೆಹೊನ್ನೂರಿಗೆ ಕೇಂದ್ರ ಬಂದು ಎರಡು ದಶಕ ಕಳೆದ ಮೇಲೆ, 1946ರಲ್ಲಿ, ಕೊಡಗಿನ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ತೆರೆಯಿತು. ಅಷ್ಟು ಹೊತ್ತಿಗೆ ಸಂಶೋಧನೆಯ ಹೊಣೆ ಸಂಸ್ಥಾನದ ಕೈಯಿಂದ ಕಾಫಿ ಮಂಡಳಿಗೆ ಬಂದಿತ್ತು. ಬೀಜಕಗಳು ಗಾಳಿಯಲ್ಲಿ ಗಡಿ ದಾಟುವ ವೇಗಕ್ಕೂ ಸರ್ಕಾರಿ ಜ್ಞಾನ ದಾಟುವ ವೇಗಕ್ಕೂ ಎಷ್ಟು ಅಂತರ! ವಿಚಿತ್ರವೆಂದರೆ ಕೊಡಗಿನ ಮಳೆ ಮಾತ್ರ ಕೋಲ್ಮನ್ ಅವರ ಆಡಳಿತಕ್ಕೆ ತಡವಿಲ್ಲದೆ ಒದಗಿತ್ತು. ತಲಕಾವೇರಿಯಿಂದ ಇಳಿದ ನೀರು ಕನ್ನಂಬಾಡಿಯಲ್ಲಿ ನಿಂತು, ಕಾಲುವೆಯಲ್ಲಿ ಹರಿದು ಮಂಡ್ಯದ ಕಬ್ಬು ಬೆಳೆಸಿತು. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರ ದುಡಿಮೆಯಿತ್ತು.

ಕೆನಡಾಕ್ಕೆ ಮರಳಿದ ಮೇಲೆ ಅವರು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಸಸ್ಯಗಳ ವರ್ಣತಂತುಗಳನ್ನು ನೋಡತೊಡಗಿದರು. 1954ರಲ್ಲಿ ತೀರಿಕೊಂಡರು. ಅದಾದ ಎರಡೇ ವರ್ಷಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಹೆಬ್ಬಾಳದ ವಿಶ್ವವಿದ್ಯಾನಿಲಯ ಮುಂದೆ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ನಡೆಸಿತು. ಈಗ ಅದು ಶಿವಮೊಗ್ಗದ ವಿಶ್ವವಿದ್ಯಾನಿಲಯದ ಅಧೀನದಲ್ಲಿದೆ.

ಬೋರ್ಡೋ ಈಗಲೂ ಹೊಡೆಯುತ್ತೇವೆ. ಅಡಿಕೆಗೆ, ಕಾಫಿಗೆ, ಸೊರಗು ರೋಗದ ಹೆದರಿಕೆಯಿಂದ ಕರಿಮೆಣಸಿಗೂ. ತಾಮ್ರ ಕೊಳೆಯುವ ವಸ್ತುವಲ್ಲ. ಎಲೆಯಿಂದ ತೊಳೆದುಹೋದದ್ದು ಬುಡದ ಮಣ್ಣಿನಲ್ಲೇ ಉಳಿಯುತ್ತದೆ, ಮುಂದಿನ ವರ್ಷದ್ದು ಅದರ ಮೇಲೆ ಸೇರುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಅದು ಬೇರಿಗೂ ಎರೆಹುಳಕ್ಕೂ ಇನ್ನಷ್ಟು ಸುಲಭವಾಗಿ ಸಿಗುತ್ತದೆ. ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷ್ ಕೇಳಿ ಸುಮ್ಮನಾಗುವ ಬದಲು ತಾಮ್ರವನ್ನೂ ಅಳೆಸುವುದು ಒಳ್ಳೆಯದು, ಅದರಲ್ಲೂ ಅಜ್ಜನ ಕಾಲದಿಂದ ಬೋರ್ಡೋ ಕಂಡ ಹಳೆಯ ತೋಟವಾದರೆ.