ಪಾಪ್ಯುಲಿಸಂ ಅಳೆಯಲು ಒಂದೇ ಅಳತೆಗೋಲು: ಅರ್ಧ ಶತಮಾನದ ಹುಡುಕಾಟ

1967ರ ಮೇ ತಿಂಗಳಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಹಲವು ದೇಶಗಳ ವಿದ್ವಾಂಸರು ಒಂದೇ ಒಂದು ಪದದ ಅರ್ಥವನ್ನು ನಿಷ್ಕರ್ಷಿಸಲು ಸೇರಿದ್ದರು. ಆ ಪದ ‘ಪಾಪ್ಯುಲಿಸಂ’. ಘಿಟಾ ಇಯೊನೆಸ್ಕು ಮತ್ತು ಅರ್ನೆಸ್ಟ್ ಗೆಲ್ನರ್ ಮುಂದಾಳತ್ವದ ಆ ಸಮ್ಮೇಳನದಲ್ಲಿ ರಷ್ಯಾದ ರೈತಪರ ನರೋದ್ನಿಕ್ ಚಳವಳಿಯನ್ನು ಬಲ್ಲವರಿದ್ದರು, 1892ರಲ್ಲಿ ಒಮಾಹಾದಲ್ಲಿ ಪ್ರಣಾಳಿಕೆ ಹೊರಡಿಸಿದ ಅಮೆರಿಕದ ಪೀಪಲ್ಸ್ ಪಾರ್ಟಿಯನ್ನು ಅಭ್ಯಾಸ ಮಾಡಿದವರಿದ್ದರು, ಲ್ಯಾಟಿನ್ ಅಮೆರಿಕದ ತಜ್ಞರೂ ಇದ್ದರು. ಪ್ರತಿಯೊಬ್ಬರೂ ತಾವು ಬಲ್ಲ ನೆಲದ ಉದಾಹರಣೆಯನ್ನೇ ಮೂಲಮಾದರಿ ಎಂದು ಭಾವಿಸಿ ಬಂದಂತಿತ್ತು. ಕೈಯಲ್ಲಿ ಪಾದರಕ್ಷೆ ಹಿಡಿದು ಅದಕ್ಕೆ ಸರಿಹೊಂದುವ ಪಾದ ಎಲ್ಲೋ ಇದ್ದೇ ಇರಬೇಕೆಂದು ಅಲೆಯುವ ರಾಜಕುಮಾರನ ಕಥೆಯನ್ನು ನೆನಪಿಸಿದ ಚಿಂತಕ ಐಸಾಯಾ ಬರ್ಲಿನ್, ಇದನ್ನು ‘ಸಿಂಡರೆಲಾ ವ್ಯಾಧಿ’ ಎಂದರು. 1969ರಲ್ಲಿ ಸಮ್ಮೇಳನದ ಪ್ರಬಂಧಗಳು ಪುಸ್ತಕವಾಗಿ ಬಂದವು. ಎಲ್ಲರೂ ಒಪ್ಪುವ ವ್ಯಾಖ್ಯೆ ಮಾತ್ರ ಬರಲಿಲ್ಲ.

ಕನ್ನಡದಲ್ಲಿ ಇದನ್ನು ‘ಜನಪ್ರಿಯತಾವಾದ’ ಎನ್ನುವ ರೂಢಿಯಿದೆಯಾದರೂ, ಆ ಮಾತು ಮತ ಸೆಳೆಯುವ ಅಗ್ಗದ ಘೋಷಣೆಗಳನ್ನೇ ಹೆಚ್ಚಾಗಿ ನೆನಪಿಗೆ ತರುತ್ತದೆ. ಇಲ್ಲಿ ಉದ್ದೇಶಿಸಿರುವುದು ಬೇರೆ. ಡಚ್ ವಿದ್ವಾಂಸ ಕಾಸ್ ಮುಡ್ಡೆ 2004ರಲ್ಲಿ ಕೊಟ್ಟ ವಿವರಣೆಯ ಪ್ರಕಾರ, ಸಮಾಜವು ‘ಶುದ್ಧ ಜನತೆ’ ಮತ್ತು ‘ಭ್ರಷ್ಟ ಗಣ್ಯವರ್ಗ’ ಎಂದು ಎರಡಾಗಿ ಒಡೆದಿದೆ ಎಂದು ನಂಬುವ, ತನ್ನದೇ ಆದ ಹೆಚ್ಚಿನ ಸರಕಿಲ್ಲದೆ ಎಡ ಅಥವಾ ಬಲದ ಸಿದ್ಧಾಂತಕ್ಕೆ ಆತುಕೊಳ್ಳುವ ತೆಳು ವಿಚಾರಧಾರೆಯೇ ಪಾಪ್ಯುಲಿಸಂ. ಮೂರು ವರ್ಷಗಳ ಬಳಿಕ ಬೆಲ್ಜಿಯಂನ ಯಾನ್ ಯಾಹರ್ಸ್ ಮತ್ತು ಸ್ಟೀಫಾನ್ ವಾಲ್ಗ್ರಾವ್ ಪ್ರಶ್ನೆಯನ್ನೇ ತುಸು ಪಲ್ಲಟಗೊಳಿಸಿದರು. ನಾಯಕ ಏನನ್ನು ನಂಬುತ್ತಾನೆ ಎಂಬುದಕ್ಕಿಂತ ಹೇಗೆ ಮಾತನಾಡುತ್ತಾನೆ ಎಂಬುದನ್ನು ಹಿಡಿದುಕೊಂಡು, ತಮ್ಮ ದೇಶದ ಪಕ್ಷಗಳ ದೂರದರ್ಶನ ಪ್ರಸಾರಗಳಲ್ಲಿ ‘ಜನತೆ’ಯ ಪ್ರಸ್ತಾಪ ಎಷ್ಟಿದೆ, ಗಣ್ಯರ ಮೇಲಿನ ದೂಷಣೆ ಎಷ್ಟಿದೆ ಎಂದು ಎಣಿಸಿದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ತಿರುವು ಇದು. ಮನಸ್ಸಿನೊಳಗಿನ ನಂಬಿಕೆಯನ್ನು ಎಣಿಸಲಾಗದು, ಆಡಿದ ಮಾತನ್ನು ಎಣಿಸಬಹುದು. ಎಣಿಸಬಹುದಾದದ್ದನ್ನು ಹಲವು ದೇಶಗಳಲ್ಲಿ ಒಟ್ಟಿಗೆ ಹೋಲಿಸಲೂಬಹುದು.

ಆ ಹೋಲಿಕೆಗೆ ದೊಡ್ಡ ಪ್ರಮಾಣದ ವೇದಿಕೆ ದೊರೆತದ್ದು 2014ರಲ್ಲಿ. ಯುರೋಪಿನಲ್ಲಿ 1971ರಿಂದ ನಡೆಯುತ್ತಿರುವ ‘ಕಾಸ್ಟ್’ ಎಂಬ ವೈಜ್ಞಾನಿಕ ಸಹಕಾರ ವ್ಯವಸ್ಥೆಯಡಿ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಕ್ಲಾಸ್ ಡಿ ವ್ರೀಸ್ ಅವರ ಅಧ್ಯಕ್ಷತೆಯಲ್ಲಿ ಪಾಪ್ಯುಲಿಸ್ಟ್ ರಾಜಕೀಯ ಸಂವಹನ ಕುರಿತ ಜಾಲವೊಂದು ರೂಪುಗೊಂಡಿತು. ಕಾಸ್ಟ್‌ನ ಹಣ ಸಂಶೋಧನೆಯ ವೆಚ್ಚಕ್ಕಲ್ಲ. ಸಭೆ, ತರಬೇತಿ ಶಿಬಿರ, ಅಲ್ಪಾವಧಿಯ ಭೇಟಿಗಳಿಗೆ ಮಾತ್ರ. ಹಾಗಾಗಿ ಪ್ರತಿ ತಂಡವೂ ಅಧ್ಯಯನದ ಖರ್ಚನ್ನು ತನ್ನ ದೇಶದಲ್ಲೇ ಹೊಂದಿಸಿಕೊಳ್ಳಬೇಕಿತ್ತು. 2018ರವರೆಗೆ ನಡೆದ ಈ ಜಾಲ ಮೊದಲು ಮಾಡಿದ್ದು ಲೆಕ್ಕ ತೆಗೆಯುವ ಕೆಲಸ: ಪ್ರತಿ ದೇಶದಲ್ಲಿ ಅಲ್ಲಿನ ಭಾಷೆಯಲ್ಲಿ ಈವರೆಗೆ ಏನು ಬರೆಯಲಾಗಿದೆ ಎಂದು ಕ್ರೋಡೀಕರಿಸಿ 2017ರಲ್ಲಿ ಸಂಪುಟವೊಂದನ್ನು ತಂದಿತು. ಇಂಗ್ಲಿಷಿಗೆ ಬಾರದ ಕಾರಣಕ್ಕೇ ಹೊರಗಿನವರ ಕಣ್ಣಿಗೆ ಬೀಳದಿದ್ದ ಬರವಣಿಗೆ ಹೀಗೆ ಒಂದೆಡೆ ಬಂತು.

ಒಟ್ಟಿಗೆ ಎಣಿಸುವುದು ಹೇಳಿದಷ್ಟು ಸುಲಭವಲ್ಲ. ‘ದುಡಿಯುವವರ ಗೋಳು ರಾಜಧಾನಿಯಲ್ಲಿ ಕುಳಿತವರ ಕಿವಿಗೆ ಬೀಳುವುದಿಲ್ಲ’ ಎಂಬ ವಾಕ್ಯವನ್ನು, ಪಾಪ್ಯುಲಿಸ್ಟ್ ಮಾತುಗಳನ್ನು ಗುರುತಿಸಿ ಎಣಿಸುವ ಇಬ್ಬರು ಸಹಾಯಕರಿಗೆ ಕೊಟ್ಟು ನೋಡಿ. ಒಬ್ಬರು ಇದನ್ನು ಪಾಪ್ಯುಲಿಸಂ ಎಂದು ಗುರುತಿಸಿದರೆ, ಇನ್ನೊಬ್ಬರು ವಿರೋಧ ಪಕ್ಷದ ಎಂದಿನ ಟೀಕೆ ಎಂದು ಬದಿಗಿಡಬಹುದು. ಇಬ್ಬರೂ ಪ್ರತ್ಯೇಕವಾಗಿ ಕುಳಿತು ಗುರುತಿಸಿದಾಗ ಉತ್ತರಗಳು ಸಾಕಷ್ಟು ತಾಳೆಯಾಗದಿದ್ದರೆ ಗುರುತಿಸುವ ನಿಯಮಾವಳಿಯನ್ನೇ ತಿದ್ದಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಇದಕ್ಕೆ ಭಾಷೆಗಳ ತೊಡಕೂ ಸೇರುತ್ತದೆ. ಜರ್ಮನ್‌ನ ‘ಫೋಲ್ಕ್’ ಎಂದರೆ ಪ್ರಜೆಗಳೂ ಹೌದು, ಒಂದೇ ಕುಲಮೂಲದ ಜನಾಂಗವೂ ಹೌದು. ಸ್ಪ್ಯಾನಿಷ್‌ನ ‘ಪ್ವೆಬ್ಲೊ’ ಜನತೆಯೂ ಹೌದು, ಹಳ್ಳಿಯೂ ಹೌದು. 1989ರಲ್ಲಿ ಲೈಪ್‌ಜಿಗ್‌ನ ಬೀದಿಗಳಲ್ಲಿ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಮೊಳಗಿದ ‘ನಾವೇ ಫೋಲ್ಕ್’ ಎಂಬ ಘೋಷಣೆಯನ್ನು 2014ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ವಲಸೆ ವಿರೋಧಿ ಪೆಗಿಡಾ ಚಳವಳಿ ಅಕ್ಷರವೂ ಬದಲಾಗದಂತೆ ಎತ್ತಿಕೊಂಡಿತು. ಪದಗಳನ್ನಷ್ಟೇ ಎಣಿಸುವ ಕಂಪ್ಯೂಟರ್‌ಗೆ ಎರಡೂ ಒಂದೇ. ಸಹಕಾರವೆಂದರೆ ಇಂಥ ಕಡೆ ಆ ನೆಲದವರು ಎದ್ದು ‘ಇದು ಅದಲ್ಲ’ ಎನ್ನುವುದು.

ಜಾಲದ ಅತ್ಯಂತ ಗಮನಾರ್ಹ ಕೆಲಸ 16 ದೇಶಗಳಲ್ಲಿ 15,412 ಮಂದಿಯ ಮೇಲೆ ನಡೆದ ಪ್ರಯೋಗ. ಜನರ ಕೊಳ್ಳುವ ಶಕ್ತಿ ಕುಗ್ಗಲಿದೆ ಎಂಬ ಕೃತಕ ಸುದ್ದಿಯೊಂದನ್ನು ಸಿದ್ಧಪಡಿಸಿ, ಅದರ ಹೊಣೆಯನ್ನು ಒಂದು ಆವೃತ್ತಿಯಲ್ಲಿ ರಾಜಕಾರಣಿಗಳ ಮೇಲೂ ಮತ್ತೊಂದರಲ್ಲಿ ವಲಸಿಗರ ಮೇಲೂ ಹೊರಿಸಿ, ಯಾರನ್ನೂ ದೂಷಿಸದ ಆವೃತ್ತಿಯನ್ನೂ ಜೊತೆಗಿಟ್ಟು, ಎಲ್ಲ ದೇಶಗಳ ಭಾಷೆಗಳಲ್ಲಿ ಓದಲು ಕೊಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶ ಹಲವರ ನಿರೀಕ್ಷೆಗೆ ವಿರುದ್ಧವಾಗಿತ್ತು. ರಾಜಕೀಯದಲ್ಲಿ ಪಾಲ್ಗೊಳ್ಳುವಂತೆ ಓದುಗರನ್ನು ಹೆಚ್ಚು ಹುರಿದುಂಬಿಸಿದ್ದು ಗಣ್ಯರ ವಿರುದ್ಧದ ಬರಹ. ವಲಸಿಗರ ವಿರುದ್ಧದ ಬರಹ ಅವರನ್ನು ಹಿಂದೆ ಸರಿಯುವಂತೆ ಮಾಡಿತ್ತು. ಆಯಾ ದೇಶದ ನಿರುದ್ಯೋಗದ ಮಟ್ಟವೂ ಪರಿಣಾಮವನ್ನು ಏರಿಳಿಸುತ್ತಿತ್ತು. ಒಂದೇ ದೇಶದ ಅಧ್ಯಯನದಿಂದ ಈ ಕೊನೆಯ ಸಂಗತಿ ತಿಳಿಯುವ ಬಗೆಯೇ ಇರಲಿಲ್ಲ.

ಅಷ್ಟರಲ್ಲಿ ರಾಜಕೀಯ ಭಾಷಣದ ನೆಲೆ ಫೇಸ್‌ಬುಕ್, ಟ್ವಿಟರ್‌ಗಳಿಗೆ ಸರಿದಿತ್ತು, ಅಲ್ಲಿನ ಬಾಗಿಲುಗಳೋ ಒಂದೊಂದಾಗಿ ಮುಚ್ಚಿದವು. ಬಳಕೆದಾರರ ಮಾಹಿತಿ ಅವರ ಒಪ್ಪಿಗೆಯಿಲ್ಲದೆ ರಾಜಕೀಯ ಪ್ರಚಾರದ ಕಂಪನಿಯ ಕೈಸೇರಿದ ಕೇಂಬ್ರಿಜ್ ಅನಲಿಟಿಕಾ ಹಗರಣದ ನಂತರ ಫೇಸ್‌ಬುಕ್ ದತ್ತಾಂಶ ಒದಗಿಸುವುದನ್ನು ಬಿಗಿಗೊಳಿಸಿತು, 2023ರಲ್ಲಿ ಟ್ವಿಟರ್ ಸಂಶೋಧಕರಿಗಿದ್ದ ಉಚಿತ ಪ್ರವೇಶವನ್ನು ನಿಲ್ಲಿಸಿತು, 2024ರ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿ, ಪೋಸ್ಟ್‌ಗಳು ಹರಡುವ ಬಗೆಯನ್ನು ಗಮನಿಸಲು ನೆರವಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ ಸಾಧನವನ್ನು ಮುಚ್ಚಿತು. ಐರೋಪ್ಯ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾಯ್ದೆಯ 40ನೇ ವಿಧಿ ಈಗ ಅರ್ಹ ಸಂಶೋಧಕರಿಗೆ ದತ್ತಾಂಶ ಕೇಳುವ ಹಕ್ಕು ಕೊಟ್ಟಿದೆ. ಅರ್ಜಿಯ ಮೇಲಿನ ತೀರ್ಮಾನ ಕಂಪನಿ ನೆಲೆಸಿರುವ ದೇಶದ ನಿಯಂತ್ರಕರದ್ದು. ದೊಡ್ಡ ವೇದಿಕೆಗಳಲ್ಲಿ ಹಲವಕ್ಕೆ ಆ ದೇಶ ಐರ್ಲೆಂಡ್. ಕೇಳುವ ಸಂಶೋಧನೆಯೂ ಒಕ್ಕೂಟದೊಳಗಿನ ಅಪಾಯಗಳಿಗೆ ಸಂಬಂಧಿಸಿದ್ದಾಗಿರಬೇಕು. ಅದೇ ವೇದಿಕೆಯಲ್ಲಿ ಬ್ರೆಜಿಲ್‌ನ ಅಥವಾ ಫಿಲಿಪೀನ್ಸ್‌ನ ನಾಯಕರು ಆಡುವ ಮಾತನ್ನಷ್ಟೇ ಅಭ್ಯಸಿಸಬೇಕೆನ್ನುವವರಿಗೆ ಆ ವಿಧಿಯಲ್ಲಿ ಜಾಗವಿಲ್ಲ.