ಸಿಸ್ಟರ್ ವಾರ್ಡಿಗೆ ಬಂದರೆ ಕೊನೆಗಾಲ ಬಂತೆಂದಲ್ಲ

ಹಲವು ವರ್ಷ ನರ್ಸ್ ಆಗಿ ದುಡಿದು, ಆಮೇಲೆ ಕನ್ಯಾಸ್ತ್ರೀಯರ ಸಭೆಯೊಂದನ್ನು ಸೇರಿ, ಈಗ ವ್ರತ ಸ್ವೀಕಾರಕ್ಕೆ ಮುನ್ನಿನ ತರಬೇತಿಯಾದ ನೊವಿಶಿಯೇಟಿನ ಎರಡನೆಯ ವರ್ಷದಲ್ಲಿ ಹಿರಿಯ ಸಿಸ್ಟರ್‌ಗಳ ಜೊತೆ ಮತ್ತೆ ವಾರ್ಡುಗಳಿಗೆ ಹೋಗುತ್ತಿರುವ ನನಗೆ, ಕಥೋಲಿಕ ಕುಟುಂಬಗಳ ಒಂದು ರೂಢಿಯನ್ನು ಮಾತ್ರ ಒಪ್ಪಿಕೊಳ್ಳಲು ಇಂದಿಗೂ ಆಗುತ್ತಿಲ್ಲ. ನಮ್ಮನ್ನು ಕಂಡ ಕೂಡಲೇ ಮನೆಯವರು ಎದ್ದು ಬಂದು, ಬಾಗಿಲಲ್ಲೇ ತಗ್ಗಿದ ದನಿಯಲ್ಲಿ, “ಈಗಲೇ ಬೇಡ ಸಿಸ್ಟರ್, ನಿಮ್ಮನ್ನು ನೋಡಿದರೆ ಅಪ್ಪ ಧೈರ್ಯಗೆಡುತ್ತಾರೆ, ಅಂಥ ಹೊತ್ತು ಬಂದರೆ ನಾವೇ ಹೇಳಿ ಕಳಿಸುತ್ತೇವೆ” ಎನ್ನುತ್ತಾರೆ. ಅವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಆ ಪ್ರೀತಿಯಿಂದಲೇ ರೋಗಿಗೆ ಆಗುವ ನಷ್ಟವನ್ನು ಯಾರಾದರೂ ಸ್ಪಷ್ಟವಾಗಿ ಹೇಳಲೇಬೇಕು.

ಸಿಸ್ಟರ್ ಬಂದರೆ ಹಿಂದೆಯೇ ಅಭ್ಯಂಗ, ಅಭ್ಯಂಗವೆಂದರೆ ಸಾವು ಎಂಬುದು ಅವರ ಭಯ. ಆದರೆ ಗುರುಗಳು, ಅಂದರೆ ಯಾಜಕರು, ಪ್ರಾರ್ಥಿಸಿ ಎಣ್ಣೆ ಹಚ್ಚುವ ಈ ರೋಗಿಗಳ ಅಭ್ಯಂಗ ಸಂಸ್ಕಾರವು ಕೊನೆಯುಸಿರಿಗಾಗಿ ಕಾದಿರಿಸಿದ ಸಂಸ್ಕಾರವಲ್ಲ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಒಬ್ಬರ ಜೀವಕ್ಕೆ ಅಪಾಯ ತಲೆದೋರಲು ಆರಂಭವಾದಾಗಲೇ ಅದಕ್ಕೆ ತಕ್ಕ ಸಮಯ ಬಂದಿರುತ್ತದೆ ಎಂದು ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲೇ ಹೇಳಿದೆ. ಪೋಪ್ ಆರನೆಯ ಪೌಲರು 1972ರಲ್ಲಿ ಅದರ ವಿಧಿಯನ್ನು ಪರಿಷ್ಕರಿಸಿದರು. ಗಂಭೀರ ಕಾಯಿಲೆಗಾಗಿ ನಡೆಯುವ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಪಡೆಯಬಹುದು, ನಿರ್ದಿಷ್ಟ ಕಾಯಿಲೆ ಇಲ್ಲದಿದ್ದರೂ ತೀರ ಬಳಲಿದ ವೃದ್ಧರು ಪಡೆಯಬಹುದು, ಗುಣವಾದವರು ಮತ್ತೆ ಹಾಸಿಗೆ ಹಿಡಿದರೆ ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು. ಸಾಯುವವರಿಗೆ ಕೊನೆಯ ಸಂಸ್ಕಾರವಾಗಿ ಧರ್ಮಸಭೆ ಇಟ್ಟಿರುವುದು ಪರಮಪ್ರಸಾದವನ್ನು, ಅಂದರೆ ಕ್ರಿಸ್ತರ ಶರೀರವೆಂದು ನಾವು ಸ್ವೀಕರಿಸುವ ಪವಿತ್ರ ರೊಟ್ಟಿಯನ್ನು, ದಾರಿಯ ಬುತ್ತಿಯಾಗಿ. ಅಭ್ಯಂಗವನ್ನು ನೀಡುವ ಅಧಿಕಾರ ಯಾಜಕರಿಗೆ ಮಾತ್ರ ಇದೆ, ಸಿಸ್ಟರ್‌ಗಳಿಗಿಲ್ಲ. ನಮ್ಮಲ್ಲಿ ಅನುಮತಿ ಪಡೆದವರು ರೋಮ್ 1973ರಲ್ಲಿ ಹೊರಡಿಸಿದ ನಿಯಮದಂತೆ ಪರಮಪ್ರಸಾದವನ್ನು ಹಾಸಿಗೆಯ ಬಳಿಗೆ ಒಯ್ಯುತ್ತಾರೆ. ಉಳಿದಂತೆ ನಾವು ಮಾಡುವುದು ಪಕ್ಕದಲ್ಲಿ ಕೂರುವುದು, ಕೇಳಿಸಿಕೊಳ್ಳುವುದು, ಕೇಳಿಕೊಂಡರೆ ಪ್ರಾರ್ಥಿಸುವುದು.

ತಡಮಾಡಿದಾಗ ಏನಾಗುತ್ತದೆ ಎಂಬುದನ್ನು ನರ್ಸ್ ಆಗಿಯೇ ಹೇಳುತ್ತೇನೆ. ಗಂಟಲಿಗೆ ಉಸಿರಾಟದ ನಳಿಕೆ ಇಳಿಸಿದ ಮೇಲೆ ರೋಗಿ ಮಾತನಾಡಲಾರರು, ಆದ್ದರಿಂದ ಗುರುಗಳ ಮುಂದೆ ಬಾಯಿಬಿಟ್ಟು ಪಾಪನಿವೇದನೆ ಮಾಡಲಾರರು. ನುಂಗುವ ಶಕ್ತಿ ಕುಂದಿದವರ ಹಾಸಿಗೆಯ ಮೇಲೆ ‘ಬಾಯಿಗೆ ಏನೂ ಕೊಡಬಾರದು’ ಎಂಬ ಫಲಕ ತೂಗುತ್ತಿರುತ್ತದೆ. ಅದಕ್ಕೆ ಮುಂಚಿನ ಹಂತದಲ್ಲಾದರೆ ಕರ್ತವ್ಯದಲ್ಲಿರುವ ನರ್ಸನ್ನು ಕೇಳಿ, ತಲೆಯ ಭಾಗವನ್ನು ಎತ್ತರಿಸಿ, ಪರಮಪ್ರಸಾದದ ಅಕ್ಕಿಕಾಳಿನಷ್ಟು ಚೂರನ್ನು ಒಂದು ಚಮಚ ನೀರಿನೊಡನೆ ಕೊಡಬಹುದಿತ್ತು. ನಿದ್ರಾಜನಕ ಔಷಧ ಹರಿಯುತ್ತಿರುವಾಗ ಮಗನನ್ನು ಕ್ಷಮಿಸಿದೆನೆಂದು ಹೇಳುವುದೂ ಸಾಧ್ಯವಿಲ್ಲ. ಆಗಲೂ ಗುರುಗಳು ಬಂದು ಹಣೆಗೂ ಕೈಗಳಿಗೂ ಎಣ್ಣೆ ಹಚ್ಚುತ್ತಾರೆ, ಪ್ರಜ್ಞೆ ಇಲ್ಲವೆಂದು ಅಭ್ಯಂಗವನ್ನು ನಿರಾಕರಿಸುವುದಿಲ್ಲ. ಆದರೆ ರೋಗಿಯು ತಾನಾಗಿ ಮಾಡಬಹುದಾಗಿದ್ದ ಎಲ್ಲವೂ ಅಷ್ಟರಲ್ಲಿ ಕೈಮೀರಿರುತ್ತದೆ. ಸತ್ತವರಿಗಂತೂ ಅಭ್ಯಂಗವಿಲ್ಲ. ದೇಹ ತಣ್ಣಗಾದ ಮೇಲೆ ಓಡಿಬಂದು ಎಣ್ಣೆ ಹಚ್ಚಿಸಿ ಎಂದು ಗೋಗರೆಯುವವರಿಗೆ, ಪ್ರಾರ್ಥನೆಯನ್ನಷ್ಟೇ ಮಾಡಬಹುದೆಂದು ತಿಳಿಸುವುದು ನಮ್ಮ ಸೇವೆಯ ಅತಿ ಕಷ್ಟದ ಕೆಲಸ.

ರೋಗಿಗಳು ಹೆದರುತ್ತಾರೆಂಬ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ನಾನಿನ್ನೂ ನರ್ಸ್ ಆಗಿದ್ದಾಗ, ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಹಿರಿಯರೊಬ್ಬರ ಕೋಣೆಗೆ ಯಾವ ಸಿಸ್ಟರೂ ಕಾಲಿಡದಂತೆ ಅವರ ಮಗಳು ನೋಡಿಕೊಂಡಿದ್ದಳು. ರಾತ್ರಿ ನಾನು ಬಿಪಿ ನೋಡುತ್ತಿದ್ದಾಗ ಅವರು ದಿಂಬಿನಡಿಯಿಂದ ಜಪಸರವನ್ನು ತೆಗೆದು, “ಬೆಳಿಗ್ಗೆ ಫಾದರ್ ಬರಲು ಸಾಧ್ಯವೇನಮ್ಮಾ? ಮಗಳಿಗೆ ಹೇಳಬೇಡ, ಪಾಪ, ಹೆದರಿಕೊಳ್ಳುತ್ತಾಳೆ” ಎಂದರು. ಮುಚ್ಚಿಡಲು ನಾನು ಒಪ್ಪಲಿಲ್ಲ. ನೀವೇ ಅವಳಿಗೆ ಹೇಳಿ ಎಂದೆ, ಹೇಳಿದರು. ಬೆಳಿಗ್ಗೆ ಅಭ್ಯಂಗ ನಡೆದಾಗ ಮಗಳು ಅವರ ಕೈ ಹಿಡಿದು ನಿಂತಿದ್ದಳು. ಅವರು ಗುಣಮುಖರಾಗಿ ಮನೆಗೆ ಹೋದರು. ಅದನ್ನು ಅಭ್ಯಂಗದ ಫಲವೆಂದು ನಾನು ಹೇಳುತ್ತಿಲ್ಲ, ಶಸ್ತ್ರವೈದ್ಯರ ಕೌಶಲವನ್ನು ಕಣ್ಣಾರೆ ಕಂಡವಳು ನಾನು. ಥಿಯೇಟರಿಗೆ ಹೋಗುವಾಗ ಅವರಿಬ್ಬರಲ್ಲೂ ಕಂಡ ನೆಮ್ಮದಿಯನ್ನಷ್ಟೇ ಹೇಳುತ್ತಿದ್ದೇನೆ.

ಸಿಸ್ಟರ್‌ಗಳ ಆಸ್ಪತ್ರೆ ಸೇವೆಯು ಮರಣಶಯ್ಯೆಗಷ್ಟೇ ಸೀಮಿತವಾಗಿದ್ದ ಕಾಲವೂ ಇಲ್ಲ. 1633ರಲ್ಲಿ ಪ್ಯಾರಿಸ್ಸಿನಲ್ಲಿ ವಿನ್ಸೆಂಟ್ ದ ಪೌಲ್ ಮತ್ತು ಲೂಯಿಸ್ ದ ಮರಿಯಾಕ್ ಒಗ್ಗೂಡಿಸಿದ ಹೆಣ್ಣುಮಕ್ಕಳು ಮಠದ ಗೋಡೆಯೊಳಗೆ ಉಳಿಯದೆ ಬಡ ರೋಗಿಗಳ ಮನೆಗಳಿಗೆ ಗಂಜಿ, ಔಷಧ ಹೊತ್ತು ನಡೆದರು. ಹೆರಿಗೆಯ ಕೆಲಸದಿಂದ ಮಾತ್ರ ಕನ್ಯಾಸ್ತ್ರೀಯರನ್ನು ದೀರ್ಘಕಾಲ ದೂರವಿಡಲಾಗಿತ್ತು. 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಒಂದು ಸಂಘವನ್ನು ಕಟ್ಟಿದ ಆಸ್ಟ್ರಿಯದ ವೈದ್ಯೆ ಆನಾ ಡೆಂಗೆಲ್ ಅವರಂಥವರ ಪ್ರಯತ್ನದ ಬಳಿಕ, 1936ರಲ್ಲಿ ರೋಮ್ ಅದಕ್ಕೂ ಅನುಮತಿ ನೀಡಿತು. ಮಗುವಿನ ಮೊದಲ ಅಳುವನ್ನು ಕೇಳುವ ಹಕ್ಕಿಗಾಗಿ ಅಷ್ಟು ಶ್ರಮಿಸಿದವರನ್ನು ಸಾವಿನ ದೂತರೆಂದು ಭಾವಿಸುವುದು ನನ್ನ ಮನಸ್ಸನ್ನು ನೋಯಿಸುತ್ತದೆ.

ಪ್ರತಿಯೊಬ್ಬ ರೋಗಿಯ ಸ್ಥಿತಿ ಬೇರೆ. ಯಾವಾಗ, ಯಾವ ಸಂಸ್ಕಾರ ಎಂಬುದನ್ನು ಗುರುಗಳು ನಿರ್ಧರಿಸಬೇಕು, ಬಾಯಿಗೆ ಏನನ್ನಾದರೂ ಕೊಡಬಹುದೇ ಎಂಬುದನ್ನು ವೈದ್ಯರು ಹೇಳಬೇಕು. ಕಾಯಿಲೆಯ ಸುದ್ದಿಯನ್ನು ರೋಗಿಗೆ ತಿಳಿಸುವುದು ನಮ್ಮ ಕೆಲಸವಲ್ಲ, ನಾವು ತಿಳಿಸುವುದೂ ಇಲ್ಲ. ಬೇಡವೆಂದು ರೋಗಿಯೇ ಹೇಳಿದರೆ ನಮಸ್ಕರಿಸಿ ಹಿಂದಿರುಗುತ್ತೇವೆ. ನಮ್ಮ ಕೋರಿಕೆ ಇಷ್ಟೇ: ದಾಖಲಾದ ದಿನವೇ, ರೋಗಿ ಎದ್ದು ಕೂತು ಮಾತನಾಡುತ್ತಿರುವಾಗಲೇ, ಸಿಸ್ಟರ್ ಬರಲೇ ಎಂದು ಅವರನ್ನೇ ಕೇಳಿ, ಅವರ ಉತ್ತರವನ್ನು ನರ್ಸ್‌ಗೆ ತಿಳಿಸಿ.